*ಇಂದಿನ ಚಿಂತನೆ: ಲೋಳೆಸರ ಮತ್ತು ಸಮ್ಯಕ್ ವ್ಯಾಯಾಮ*





ನಮ್ಮ ಕೊಪ್ಪಳ, ಕುಷ್ಟಗಿ ಕಡೆ ಎಷ್ಟೋ ಮನೆಗಳ ಬಾಗಿಲ ಮೇಲೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟಿರುತ್ತಾರೆ. ಮಣ್ಣಿಲ್ಲ, ನೀರಿಲ್ಲ; ಆದರೂ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಅದು ದಪ್ಪ ಎಲೆಯೊಳಗೆ ನೀರು ಕೂಡಿಟ್ಟುಕೊಂಡಿರುತ್ತದೆ. ಬಿಸಿಲಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ.

ಅವ್ವ ತೀರಿಕೊಂಡ ಮೇಲೆ ಯಲಬುರ್ಗಾದ ಮನೆಯಿಂದ ಅವಳ ಲೋಳೆಸರದ ಒಂದು ಮರಿ ತಂದು, ಗಂಗಾವತಿಯ ನಮ್ಮ ಮನೆಯೊಳಗೆ ಕುಂಡದಲ್ಲಿ ಇಟ್ಟೆ. ದಿನಾ ಶಾಲೆಗೆ ಹೊರಡುವ ಮುಂಚೆ ಒಂದು ಲೋಟ ನೀರು. ತಿಂಗಳೊಳಗೆ ಎಲೆ ಮೆತ್ತಗಾಗಿ ಬಾಗಿತು. ಬಾಯಾರಿದೆ ಅಂದುಕೊಂಡು ಎರಡು ಲೋಟ ಹಾಕಿದೆ. ಬುಡ ಕಂದಾಗಿ ನಾತ ಬಂದಾಗ ತಿಳಿಯಿತು, ಬೇರು ಕೊಳೆತಿತ್ತು.

ಅವ್ವನ ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಬಿಡಲು ನಾನಿರಲಿಲ್ಲ. ಆ ನೀರನ್ನೇ ಗಿಡಕ್ಕೆ ಸುರಿಯುತ್ತಿದ್ದೆ.

ಗವಿಮಠ, ಪಾಲ್ಕಿಗುಂಡು ಬಂಡೆಗಳ ಶಾಸನದಲ್ಲಿ ಅಶೋಕ, ಉಪಾಸಕನಾದ ಮೇಲೂ ಒಂದು ವರ್ಷ ತಾನು ಅಷ್ಟಾಗಿ ಶ್ರಮಿಸಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಸಣ್ಣವರೂ ದೊಡ್ಡವರೂ ಪ್ರಯತ್ನಿಸಬೇಕು ಎನ್ನುತ್ತಾನೆ. ಪ್ರಯತ್ನ ಬೇಕೇ ಬೇಕು. ಆದರೆ ಸೋಣ ಭಿಕ್ಖು ಪಾದದಲ್ಲಿ ರಕ್ತ ಬರುವಷ್ಟು ಚಂಕ್ರಮಣ ಮಾಡಿದರೂ ಮನಸ್ಸು ಬಿಡುಗಡೆಯಾಗಲಿಲ್ಲ. ಬುದ್ಧರು ಅವನಿಗೆ ವೀಣೆಯ ತಂತಿಯನ್ನು ನೆನಪಿಸಿದರು: ಅತಿ ಬಿಗಿದರೂ ನುಡಿಯದು, ಅತಿ ಸಡಿಲಿಸಿದರೂ ನುಡಿಯದು.

ಕೊಳೆತ ಬೇರು ಕತ್ತರಿಸಿದೆ. ಮೂರು ದಿನ ನೆರಳಲ್ಲಿ ಒಣಗಲು ಬಿಟ್ಟೆ. ಮರಳು ಬೆರೆಸಿದ ಮಣ್ಣು ತುಂಬಿ, ತಳದಲ್ಲಿ ತೂತಿರುವ ಕುಂಡದಲ್ಲಿ ನೆಟ್ಟೆ. ಒಂದು ವಾರ ನೀರು ಮುಟ್ಟಿಸಲಿಲ್ಲ. ಕೈ ಕಟ್ಟಿ ಕೂತ ಆ ವಾರವೇ ನನಗೆ ಹೆಚ್ಚು ಕಷ್ಟವಾಯಿತು.

ಈಗ ಕಿಟಕಿಯ ಬೆಳಕಿನಲ್ಲಿಟ್ಟಿದ್ದೇನೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಮಳೆ ಚಳಿಗಾಲದಲ್ಲಿ ಇನ್ನೂ ಕಡಿಮೆ. ಮೊನ್ನೆ ಬುಡದಲ್ಲಿ ಚಿಕ್ಕದೊಂದು ಮರಿ ಇಣುಕಿದೆ.

*ಇಂದಿನ ಅಭ್ಯಾಸ:* ಮಕ್ಕಳಿಗೆ, ಮನೆಯವರಿಗೆ ಬುದ್ಧಿಮಾತನ್ನೋ ಕಾಳಜಿಯನ್ನೋ ಸುರಿಯುವ ಮುಂಚೆ ಒಮ್ಮೆ ಮಣ್ಣಿಗೆ ಬೆರಳಿಟ್ಟು ನೋಡೋಣ. ಬಾಯಾರಿಕೆ ಅವರದೋ, ನಮ್ಮದೋ?

ಭವತು ಸಬ್ಬ ಮಂಗಲಂ 🪷