ಶಾಸನದ ಛಾಯಾಚಿತ್ರ ಮತ್ತು ಕೃತಿಸ್ವಾಮ್ಯ

ಹಲ್ಮಿಡಿ ಶಾಸನದ ಪಠ್ಯ ಯಾರೊಬ್ಬರ ಸ್ವತ್ತೂ ಅಲ್ಲ. ಅಂತರ್ಜಾಲದಲ್ಲಿ ದೊರೆಯುವ ಅದರ ಛಾಯಾಚಿತ್ರದ ಮಾತು ಬೇರೆ. ಸವೆದ ಅಕ್ಷರಗಳು ಎದ್ದು ಕಾಣುವಂತೆ ಬೆಳಕು, ಕೋನಗಳನ್ನು ಆರಿಸುವವನು ಛಾಯಾಗ್ರಾಹಕ. 1957ರ ಕೃತಿಸ್ವಾಮ್ಯ ಕಾಯಿದೆ ಅವನನ್ನೇ ಕರ್ತೃವೆಂದು ಗುರುತಿಸುತ್ತದೆ. ಪ್ರಕಟಣೆಯಿಂದ 60 ವರ್ಷಗಳಿದ್ದ ರಕ್ಷಣೆಯ ಅವಧಿಯನ್ನು 2012ರ ತಿದ್ದುಪಡಿಯು ಕರ್ತೃವಿನ ಮರಣಾನಂತರದ 60 ವರ್ಷಗಳವರೆಗೆ ವಿಸ್ತರಿಸಿತು. ಸಂಶೋಧನೆ, ವಿಮರ್ಶೆಗಳಿಗಾಗಿ ನ್ಯಾಯೋಚಿತವಾಗಿ ಬಳಸಲು ಕಾಯಿದೆಯ 52ನೆಯ ಪ್ರಕರಣ ಅವಕಾಶವಿತ್ತಿದೆ, ನಿಜ. ಲಿಪಿಯ ಸ್ವರೂಪವನ್ನು ಚರ್ಚಿಸುವ ಲೇಖನಕ್ಕೆ ಈ ಆಸರೆ ದೊರೆಯಬಹುದು. ಮುಖಪುಟದ ಅಲಂಕಾರಕ್ಕೆ ದೊರೆಯುವುದು ಕಷ್ಟ.

ಕನ್ನಡದ ಸಂಶೋಧನ ಗ್ರಂಥಗಳಲ್ಲಿ ಕಾಣುವ ‘ಕೃಪೆ: ಅಂತರ್ಜಾಲ’ ಎಂಬ ಒಕ್ಕಣೆಯಂತೂ ಅನುಮತಿಯೂ ಅಲ್ಲ, ಆಕರಸೂಚಿಯೂ ಅಲ್ಲ. ಒಂದಕ್ಷರದ ಪಾಠಾಂತರಕ್ಕೂ ಪ್ರತಿಯ ಮೂಲವನ್ನು ಕೇಳುವ ವಿದ್ವತ್ತು ಚಿತ್ರದ ಮೂಲವನ್ನು ಕೇಳದಿರುವುದು ಸೋಜಿಗ. ಮುಕ್ತ ಬಳಕೆಗೆಂದೇ ಇರುವ ವಿಕಿಮೀಡಿಯ ಕಾಮನ್ಸ್‌ನ ಅನೇಕ ಚಿತ್ರಗಳಿಗೂ ಛಾಯಾಗ್ರಾಹಕನ ಹೆಸರು, ಪರವಾನಗಿಗಳ ಉಲ್ಲೇಖ ಕಡ್ಡಾಯ.