ನೊಗಕ್ಕೆ ಪಳಗುವ ಪ್ರಾಯ

ಓದತಕ್ಕ ಸತ್ಯವೇದ ಭಾಗಗಳು: ಲೂಕ 2:41–52, ಲೂಕ 15:11–32, ಗಲಾತ್ಯ 4:1–2.

ಹದಿನೈದು ವರುಷದ ಮಗನು ಎದುರುಮಾತಾಡಿ, ಶಾಲೆಯನ್ನು ಬಿಟ್ಟು, ರಾತ್ರಿ ಹೊತ್ತುಮೀರಿ ಮನೆಗೆ ಬರುವಾಗ, ತಂದೆತಾಯಿಗಳು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುವುದನ್ನು ನಾವು ಕಂಡಿದ್ದೇವೆ. ಕೆಲವರು ಹೊಡೆದು ಅಡಗಿಸುವರು. ಕೆಲವರು ಬೇಸತ್ತು, ಬೆಂಗಳೂರಿನ ಪಶ್ಚಿಮಭಾಗದ ಚಂದ್ರಾ ಲೇಔಟಿನಂಥ ಬಡಾವಣೆಯಲ್ಲಿರುವ ನಂಟರ ಬಳಿಗೆ ಕಳುಹಿಸಿ, ಹೊರೆ ಇಳಿಯಿತೆಂದು ನೆನಸುವರು. ಅಲ್ಲಿ ನಂಟರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವರು. ಹುಡುಗನು ಎಲ್ಲಿದ್ದನೆಂದು ಕೇಳುವವರಾರು? ಮನೆಯಲ್ಲಿ ಕಲಿಯದ ಹೊಣೆಯನ್ನು ಪಟ್ಟಣದ ಬೀದಿಯು ಕಲಿಸಲಾರದು.

ಎಳೆಯ ಹೋರಿಯನ್ನು ಪಳಗಿಸುವ ಕ್ರಮವನ್ನು ಒಕ್ಕಲಿಗರಾದ ನಾವು ಬಲ್ಲೆವು. ಮೊದಲನೆಯ ದಿನವೇ ಅದನ್ನು ತುಂಬಿದ ಬಂಡಿಗೆ ಹೂಡುವುದಿಲ್ಲ. ಪಳಗಿದ ಎತ್ತಿನ ಜೊತೆಯಲ್ಲಿ ಬರಿಯ ನೊಗವನ್ನಿಟ್ಟು ನಡಿಸಿ, ತರುವಾಯ ಹಗುರವಾದ ಕೆಲಸಕ್ಕೂ ಕಡೆಗೆ ಬಂಡಿಗೂ ಹೂಡುವೆವು. ಹಗ್ಗವನ್ನು ಒಮ್ಮೆಗೇ ಬಿಟ್ಟವನು ಹೋರಿಯನ್ನು ಕಳೆದುಕೊಳ್ಳುವನು. ಎಂದಿಗೂ ಬಿಚ್ಚದವನಿಗೆ ಉಳುವ ಎತ್ತು ಸಿಕ್ಕದು.

ಬಾಧ್ಯನಾದ ಬಾಲಕನು ತಂದೆಯು ನೇಮಿಸಿದ ದಿನದ ವರೆಗೆ ಪಾಲಕರ ಕೈಕೆಳಗಿರುವನೆಂದು ಪೌಲನು ಗಲಾತ್ಯದವರಿಗೆ ಬರೆದನು. ಕಾವಲಿಗೆ ಒಂದು ಕೊನೆಯುಂಟೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಮಗನನ್ನು ಕಾಯುವುದು ಅವನ ಬಾಧ್ಯತೆಯನ್ನು ಅವನಿಗೇ ಒಪ್ಪಿಸುವುದಕ್ಕಾಗಿಯೇ. ಆದಕಾರಣ ಸ್ವಲ್ಪಸ್ವಲ್ಪವಾಗಿ ಒಪ್ಪಿಸುತ್ತಾ ಬರಬೇಕು.

ಮೊದಲನೆಯದಾಗಿ, ಕೈಗೆಲಸ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚುಕೂಟವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿ, ಕ್ರೈಸ್ತರಾದ ಕಾರಣ ಜೀವನೋಪಾಯವನ್ನು ಕಳೆದುಕೊಂಡವರಿಗೂ ದುಡಿಮೆಯನ್ನು ಒದಗಿಸಿದರು. ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗನಿಗೆ ಈಗ ಐ.ಟಿ.ಐ.ಯ ಬಾಗಿಲು ತೆರೆದಿದೆ. ಆದರೆ 2016ರ ತಿದ್ದುಪಡಿಯಾದ ಕಾನೂನು 18 ವರುಷದೊಳಗಿನವರನ್ನು ಅಪಾಯಕರವಾದ ಉದ್ಯೋಗಕ್ಕೆ ಸೇರಿಸುವುದನ್ನು ನಿಷೇಧಿಸುತ್ತದೆ. ಕೆಲಸದ ಸ್ಥಳವನ್ನು ನೋಡದೆ ಮಗನನ್ನು ಕಳುಹಿಸಬೇಡಿರಿ. ಮಗಳನ್ನು 18 ತುಂಬುವ ಮೊದಲು ಮದುವೆಮಾಡಿ ಹೊಣೆ ಕಳೆಯಿತೆನ್ನುವುದೂ ತಪ್ಪು. ಅವಳಿಗೂ ಕೆಲಸವನ್ನು ಕಲಿಸಿರಿ.

ಎರಡನೆಯದಾಗಿ, ನಂಬಿಕೆಯ ಅಳತೆ. ವಾರದ ಸಂತೆಯ ಖರ್ಚನ್ನು ಅವನ ಕೈಗೆ ಕೊಟ್ಟು ಲೆಕ್ಕವನ್ನು ಕೇಳಿರಿ. ಲೆಕ್ಕ ಸರಿಯಾದರೆ ಮುಂದಿನ ವಾರ ಹೆಚ್ಚು ಕೊಡಿರಿ. ಆದರೆ ಅಳುತ್ತಾನೆಂದು ಮೋಟಾರು ಸೈಕಲಿನ ಬೀಗದಕೈಯನ್ನು ಕೊಡಬೇಡಿರಿ. ಪ್ರಾಯಕ್ಕೆ ಬಾರದವನು ವಾಹನವನ್ನು ನಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯ ಮೇರೆಗೆ ಪೋಷಕರಿಗೆ ಮೂರು ವರುಷಗಳ ವರೆಗೆ ಸೆರೆಯೂ 25,000 ರೂಪಾಯಿ ದಂಡವೂ ಆಗಬಹುದು.

ಮೂರನೆಯದಾಗಿ, ವಿಚಾರಣೆ. ಮರಿಯಳೂ ಯೋಸೇಫನೂ ಮೂರು ದಿನಗಳ ಮೇಲೆ ಮಗನನ್ನು ದೇವಾಲಯದಲ್ಲಿ ಕಂಡಾಗ, ತಮ್ಮ ಸಂಕಟವನ್ನು ತಿಳಿಸಿ, ಕಾರಣವನ್ನು ಕೇಳಿ, ಉತ್ತರಕ್ಕೆ ಕಿವಿಗೊಟ್ಟರು. ನಾವು ಹಾಗೆ ಕೇಳುತ್ತೇವೋ? ನಿದ್ರೆಯನ್ನೂ ಊಟವನ್ನೂ ಬಿಟ್ಟು ಮೌನವಾಗಿರುವ ಮಗನು ಹಟಮಾರಿಯಲ್ಲ, ನೊಂದವನಾಗಿರಬಹುದು. ಸಾಯುವ ಮಾತಾಡಿದರೆ ಅವನನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯಲ್ಲಿ 14416ಕ್ಕೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆಯುಂಟು. ಪ್ರಾರ್ಥಿಸುವವನು ವೈದ್ಯನನ್ನು ತೊರೆಯಬೇಕೆಂದು ದೇವರು ಹೇಳಲಿಲ್ಲ.

ಇಷ್ಟು ಮಾಡಿದರೂ ಮಗನು ತಪ್ಪಿಹೋದರೆ? ಸಾಮ್ಯದ ತಂದೆಯು ಹಿಂದಿರುಗಿದ ಕಿರಿಯ ಮಗನನ್ನು ಆಳಾಗಿ ಅಲ್ಲ, ಮಗನಾಗಿಯೇ ಸೇರಿಸಿಕೊಂಡನು. ಆದರೆ ಉಳಿದ ಆಸ್ತಿಯು ಹಿರಿಯನದೇ ಎಂದೂ ಹೇಳಿದನು. ಕ್ಷಮೆಯು ಬಾಗಿಲನ್ನು ತೆರೆಯಿತು. ಹಾಳಾದ ಪಾಲು ಹಿಂದಕ್ಕೆ ಬರಲಿಲ್ಲ. ಹಾಗೆಯೇ ಮಗನನ್ನು ಅಪ್ಪಿಕೊಳ್ಳೋಣ. ಅವನು ಮಾಡಿದ ಸಾಲವನ್ನು ಅವನ ದುಡಿಮೆಯಿಂದಲೇ ತೀರಿಸಗೊಡೋಣ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ಈ ತಿಂಗಳು ನಮ್ಮ ಮಗನಿಗೋ ಮಗಳಿಗೋ ಯಾವ ಹೊಸ ಹೊಣೆಯನ್ನು ಒಪ್ಪಿಸಬಹುದು?
2. ನಾವು ಕಡೆಯ ಸಾರಿ ಅವರ ಮಾತನ್ನು ಪೂರ್ತಿಯಾಗಿ ಕೇಳಿದ್ದು ಯಾವಾಗ?
3. ಅವರು ಸೋತು ಹಿಂದಿರುಗಿದರೆ ನಮ್ಮ ಬಾಗಿಲು ತೆರೆದಿರುವದೋ?