ಕಿಲ್ಬರ್ನಿನ ಸಂತ ಅಗಸ್ಟೀನರ ಚರ್ಚು

ಲಂಡನ್ನಿನ ವಾಯವ್ಯಕ್ಕಿರುವ ಕಿಲ್ಬರ್ನ್ ಒಂದು ಕಾಲಕ್ಕೆ ಹೊಲಗಳ ನಡುವಣ ಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಉಪನಗರವಾಯಿತು. ಅಲ್ಲಿನ ಸಂತ ಮೇರಿಯ ಚರ್ಚಿಗೆ ಬಂದ ಹೊಸ ಪಾದ್ರಿಗೆ ಕೆಲವು ಭಕ್ತರ ಹಳೆಯ ವಿಧಿಪೂರ್ವಕ ಆರಾಧನೆ ಒಪ್ಪಿಗೆಯಾಗಲಿಲ್ಲ. ಅವರು ಸಹಾಯಕ ಪಾದ್ರಿ ಕರ್ಕ್‌ಪ್ಯಾಟ್ರಿಕರೊಡನೆ ಹೊರನಡೆದು, 1870ರಲ್ಲಿ ತಮ್ಮದೇ ಚರ್ಚನ್ನು ಕಟ್ಟಲು ನಿಶ್ಚಯಿಸಿದರು.

ಶಿಲ್ಪಿ ಜಾನ್ ಲಾಫ್‌ಬರೊ ಪಿಯರ್ಸನ್. ಅವರು ಬಳಸಿದ್ದು ಮುಖ್ಯವಾಗಿ ಕೆಂಪು ಇಟ್ಟಿಗೆ. ಕಮಾನು ಚಾವಣಿಯ ಭಾರವು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆದುದರಿಂದ ಗೋಡೆಗಳಿಗೆ ಹೊರಗಿನಿಂದ ದಪ್ಪನೆಯ ಆನಿಕೆಗಳನ್ನು ಕಟ್ಟುವುದು ಹಳೆಯ ವಾಡಿಕೆ. ಫ್ರಾನ್ಸಿನ ಆಲ್ಬಿಯ ಮಹಾದೇವಾಲಯದಲ್ಲಿರುವಂತೆ ಪಿಯರ್ಸನ್ ಆ ಆನಿಕೆಗಳನ್ನು ಒಳಕ್ಕೆ ತಂದರು. ಅಷ್ಟಕ್ಕೇ ನಿಲ್ಲದೆ, ಅವುಗಳಲ್ಲಿ ಕಮಾನಿನ ಕಂಡಿಗಳನ್ನು ತೆರೆದು, ಅವುಗಳ ಮೂಲಕ ಮೇಲ್ಮೊಗಸಾಲೆಯನ್ನು ಹಾಯಿಸಿದರು. ಭಾರ ಹೊರುವ ಗೋಡೆಯೇ ಹೀಗೆ ದಾರಿಯೂ ಆಯಿತು! ಒಳಗೆ ನಿಂತವನಿಗೆ ಕಮಾನಿನ ಹಿಂದೆ ಕಮಾನು ಕಾಣುತ್ತದೆ. ಹೊರಗಿನ ಗಾಂಭೀರ್ಯಕ್ಕಿಂತ ಈ ಒಳನೋಟವೇ ಮಿಗಿಲೆಂದು ನನ್ನ ಎಣಿಕೆ.

1880ರಲ್ಲಿ ಚರ್ಚಿನ ಪ್ರತಿಷ್ಠೆಯಾಯಿತಾದರೂ ಗೋಪುರ ಮುಗಿದಿರಲಿಲ್ಲ. 254 ಅಡಿ ಎತ್ತರದ ಅದರ ಶಿಖರ ಪೂರ್ಣಗೊಂಡದ್ದು 1898ರಲ್ಲಿ. ಪಿಯರ್ಸನ್ನರು 1897ರ ಡಿಸೆಂಬರಿನಲ್ಲಿಯೇ ತೀರಿಕೊಂಡಿದ್ದರು.